ಚೀಲದ ಬಾಯಿಯ ಕಾಯಿ

ಚೀಲದ ಬಾಯಿಗೆ ಚೆಂದದ ಕಾಯಿ ಇಟ್ಟು ಮಾರಬಾರದು. ಚೀಲದ ಬಾಯಿ ನೋಡಿ ಕೊಳ್ಳಲೂಬಾರದು. ಮೆಣಸಿನಕಾಯಿ ಪೇಟೆಯ ನಿಯಮ ಇದು. ಈ ಕಥೆಯಲ್ಲಿ ಒಮ್ಮೆಯಾದರೂ ಇದನ್ನು ಮುರಿದವರೇ ಹೆಚ್ಚು.

ಆ ಪೇಟೆಯಲ್ಲಿ ಬಸವಣ್ಣೆಪ್ಪನದು ದಲಾಲಿ ಅಂಗಡಿ. ಎಷ್ಟೇ ಬೇಕಾದವನು ಮಾಲು ತಂದರೂ ಚೀಲವನ್ನು ನೆಲಕ್ಕೆ ಸುರಿಸದೆ ಅವನು ದರ ಹೇಳುತ್ತಿರಲಿಲ್ಲ. "ಮ್ಯಾಲಿನ ಕಾಯಿ ಮದಲಗಿತ್ತಿ ಇದ್ದಂಗ. ಸಿಂಗಾರ ಮಾಡಿ ಕುಂದ್ರಿಸಿರ್ತಾರ. ಮನಿತನ ತಳದಾಗ ಇರತೈತಿ" ಎನ್ನುತ್ತಿದ್ದ.

ಅವನ ಮಗಳು ಶಿವಲೀಲಾ ಕಂಪ್ಯೂಟರ್ ಎಂಜಿನಿಯರಿಂಗ್ ಮುಗಿಸಿದಳು. ಓದು ಮುಗಿಯುವ ಮೊದಲೇ ಕೆಲಸ ಸಿಕ್ಕಿತು. ವರ್ಷಕ್ಕೆ ಇಪ್ಪತ್ತನಾಲ್ಕು ಲಕ್ಷ. ವಾರದೊಳಗೆ ಕಾಲೇಜಿನವರು ಅವಳ ಮುಖವನ್ನು ಆಳೆತ್ತರದ ಬ್ಯಾನರ್ ಮಾಡಿ ಬಸ್ ನಿಲ್ದಾಣದ ಎದುರಿಗೂ ಕಾಲೇಜಿನ ಪ್ರವೇಶದ ಕೋಣೆಯಲ್ಲೂ ನಿಲ್ಲಿಸಿದರು. ಮುಖದ ಕೆಳಗೆ ಸಂಬಳ. ಜೊತೆಗೆ ಓದಿದವರ ಸುದ್ದಿ ಎಲ್ಲಿಯೂ ಇರಲಿಲ್ಲ.

ಪ್ರವೇಶದ ಹಂಗಾಮು ಬಂತು. ಅದನ್ನು ನೋಡಿಕೊಳ್ಳುವ ಇಟಗಿ ಸರ್ ಅವಳನ್ನು ಕರೆಸಿದರು.

"ಎರಡು ದಿನ ಬಂದು ಬ್ಯಾನರ್ ಕೆಳಗ ಕುಂದರು. ಪಾಲಕರು ಕೇಳಿದ್ರ ಚೊಲೋ ಕಾಲೇಜು ಅನ್ನು. ನಿನ್ನ ತಂಗಿಗೆ ಅರ್ಧ ಫೀ ಬಿಡ್ತೀವಿ."

ತಂಗಿಗೂ ಅದೇ ಕಾಲೇಜು, ಅದೇ ಓದು ಬೇಕಿತ್ತು. ಬಸವಣ್ಣೆಪ್ಪ ಹೆಚ್ಚು ಕೇಳಲಿಲ್ಲ. "ಹೋಗಿ ಬಾ. ಕುಂದ್ರಾಕ ಏನು ಕಷ್ಟ?" ಎಂದ. ದಿನಾ ಚೀಲ ಸುರಿಸುವ ಮನುಷ್ಯ ಅಂದು ಸುರಿಸಲಿಲ್ಲ.

ಮೊದಲ ದಿನ ಅವಳು ಕುಳಿತಳು, ನಕ್ಕಳು, ಚೊಲೋ ಕಾಲೇಜು ಎಂದಳು. ಅದು ಸುಳ್ಳೇನೂ ಅಲ್ಲ. ಪೂರಾ ಮಾತೂ ಅಲ್ಲ.

ಎರಡನೆಯ ದಿನ ಖಾನಾವಳಿ ನಡೆಸುವ ಫಕೀರಪ್ಪ ಹೆಂಡತಿ ಯಲ್ಲವ್ವನ ಜೊತೆ ಬಂದ. ಮಗನಿಗೆ ಮ್ಯಾನೇಜ್‌ಮೆಂಟ್ ಸೀಟು. ನಾಲ್ಕು ವರ್ಷಕ್ಕೆ ಹದಿನೆಂಟು ಲಕ್ಷ. ಮುಂಗಡದ ಚೀಲ ತೊಡೆಯ ಮೇಲಿತ್ತು.

"ಇವರು ಬದನಿಕಾಯಿ ತಗೋಬೇಕಂದ್ರ ಹತ್ತು ಸಲ ಹೊಳ್ಳಿಸಿ ನೋಡ್ತಾರ" ಎಂದಳು ಯಲ್ಲವ್ವ. "ಇಲ್ಲಿ ಒಂದು ಫೋಟೋ ನೋಡಿ ಖಾನಾವಳಿ ಜಾಗಾ ಮಾರಾಕ ನಿಂತಾರ."

"ನೀ ಸುಮ್ನಿರು. ಮಗನೂ ಜೀವನಪೂರ್ತಿ ರೊಟ್ಟಿ ಎಣಿಸ್ಕೋತ ಕೂಡಬೇಕೇನು?" ಎಂದು ಫಕೀರಪ್ಪ ಶಿವಲೀಲಾಳ ಕಡೆ ತಿರುಗಿದ. "ಯವ್ವಾ, ನಿನಗ ಸಿಕ್ಕಂಗ ನಮ್ಮ ಹುಡುಗಗೂ ಸಿಗತೈತೇನು?"

"ಹೇಳು ಶಿವಲೀಲಾ" ಎಂದರು ಇಟಗಿ ಸರ್, ನಗುತ್ತಲೇ.

ತಂಗಿಯ ಅರ್ಧ ಫೀಗೆ ಅಂದು ಸಂಜೆ ಸಹಿ ಬೀಳಬೇಕಿತ್ತು. ಹೂಂ ಎಂದರೆ ಸಾಕಿತ್ತು. ಅವಳು ತಲೆಯೆತ್ತಿ ಬ್ಯಾನರ್ ನೋಡಿದಳು. ಅಪ್ಪ ಹೇಳುತ್ತಿದ್ದ ಮದಲಗಿತ್ತಿ ಅಲ್ಲಿ ತನ್ನದೇ ಮುಖ ಹೊತ್ತು ಕುಳಿತಿದ್ದಳು.

"ನಾ ಮ್ಯಾಲಿನ ಕಾಯಿ, ಕಾಕಾರ" ಎಂದಳು. "ನಮ್ಮ ವರ್ಗದಾಗ ಅರವತ್ತು ಮಂದಿ ಇದ್ವಿ. ನಡುವಿನವರನ್ನ ಕೇಳ್ರಿ."

ಅವಳು ಪುಷ್ಪಲತಾಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟಳು. ಓದಿನಲ್ಲಿ ಮುಂದೂ ಇಲ್ಲದ, ಹಿಂದೂ ಇಲ್ಲದ ಗೆಳತಿ ಅವಳು. ಸಂಬಳ ಎಷ್ಟೆಂದು ಪಾಲಕರು ಕೇಳುತ್ತಿದ್ದಾರೆ, ಇದ್ದದ್ದು ಹೇಳು ಎಂದಳು ಶಿವಲೀಲಾ.

"ವರ್ಷಕ್ಕ ಮೂರೂವರಿ ಲಕ್ಷ. ಬಾಡಿಗಿ, ಊಟ, ಬಸ್ಸು ಎಲ್ಲಾ ಹೋಗಿ ತಿಂಗಳಿಗೆ ಏಳು ಸಾವಿರ ಉಳದ್ರ ನನ್ನ ಪುಣ್ಯಾ. ಓದಿನ್ಯಾಗ ನನಗಿಂತ ಹಿಂದಿದ್ದವರು ಭಾಳ ಮಂದಿ ಇನ್ನೂ ಕೆಲಸಾ ಹುಡುಕಾಕತ್ತಾರ. ಯಾಕಲೇ, ನಿನ್ನ ಬ್ಯಾನರ್ ಹರೀತೇನು?"

ಯಲ್ಲವ್ವ ಸೆರಗು ಬಾಯಿಗೆ ಹಚ್ಚಿ ನಕ್ಕಳು. ಫಕೀರಪ್ಪ ನಗಲಿಲ್ಲ. ದಿನಾ ಜೋಳ, ಎಣ್ಣೆ, ಗ್ಯಾಸಿನ ಲೆಕ್ಕ ಹಾಕುವ ತಲೆ ಅವನದು. ಇಷ್ಟು ದಿನ ಇದೊಂದನ್ನು ಬಿಟ್ಟು ಎಲ್ಲಕ್ಕೂ ಲೆಕ್ಕ ಹಾಕಿತ್ತು.

"ಉಳಿಕಿ ದುಪ್ಪಟ್ಟಾತು ಅಂತ ಹಿಡದ್ರೂ ಹಾಕಿದ್ದು ಹೊಳ್ಳಿ ಬರಾಕ ಹತ್ತು ವರ್ಷ ದಾಟತೈತಿ. ಅಷ್ಟೊತ್ತಿಗೆ ಖಾನಾವಳಿನೂ ಇರಂಗಿಲ್ಲ." ಮುಂಗಡದ ಚೀಲದ ದಾರ ಬಿಗಿದ. "ಸರಕಾರಿ ಸೀಟು ಸಿಕ್ರ ಇದ ಓದು ಓದಸ್ತೀನಿ. ಜಾಗಾ ಮಾರಿ ಓದಸಂಗಿಲ್ಲ."

ಅವರು ಎದ್ದು ಹೋದರು. ಇಟಗಿ ಸರ್ ನಗು ನಿಲ್ಲಿಸಿದರು.

"ನಿನ್ನ ತಂಗಿ ವಿಚಾರ ಇನ್ನ ಮರತುಬಿಡು."

"ಹೂಂನ್ರಿ ಸರ್" ಎಂದಳು ಶಿವಲೀಲಾ. ಅವರ ಮಾತು ಚುಚ್ಚಿತು. ಮನೆಗೆ ಹೋಗಿ ತಂಗಿಗೆ ತಾನೇ ಹೇಳಬೇಕಿತ್ತು.

ಬಾಗಿಲಲ್ಲಿ ಇನ್ನೊಂದು ಜೋಡಿ ಪಾಲಕರು ಬ್ಯಾನರ್ ನೋಡುತ್ತ ನಿಂತಿದ್ದರು. ಅವಳು ಬ್ಯಾನರಿನ ಕೆಳಗಿನ ಕುರ್ಚಿಯನ್ನು ಎಳೆದು ಅವರ ಹತ್ತಿರ ಹಾಕಿದಳು. ಪುಷ್ಪಲತಾಗೆ ಮತ್ತೆ ಫೋನ್ ಹಚ್ಚಿ ಅವರ ಮುಂದೆ ಹಿಡಿದಳು.

ನೀತಿ: ಓದಿಗೆ ಹಾಕುವ ಹಣವನ್ನು ಮೊದಲನೆಯವರ ಗಳಿಕೆಯ ಎದುರಿಗಿಟ್ಟು ತೂಗಬೇಡಿ, ನಡುವಿನವರ ಗಳಿಕೆಯ ಎದುರಿಗಿಟ್ಟು ತೂಗಿ. ಮೇಲಿನ ಕಾಯಿಯಾಗಿ ಕುಳಿತವರು ತಳದ ಸುದ್ದಿಯನ್ನೂ ಹೇಳಬೇಕು. ಅದರಿಂದ ತಮಗೆ ನಷ್ಟವಾದರೂ ಸರಿ.