ಬುಟ್ಟಿಯ ಉಪದೇಶ

ಬೀದಿಪಾಲಾದ ಮರಿಗಳನ್ನು ಒಳ್ಳೆ ಮನೆ ಸಿಗುವವರೆಗೆ ಸಾಕುತ್ತಿದ್ದ ಸೆಲಿನಮ್ಮನ ಮನೆಗೆ, ಗ್ರೇಟ್ ಡೇನ್ ಜಾತಿಯ ನಾಯಿಮರಿಯೊಂದನ್ನು ಒಯ್ಯಲು ಗಂಡಹೆಂಡತಿ ಬಂದರು. ಜೊತೆಗೆ ಚೆಂದದೊಂದು ಪುಟ್ಟ ಬುಟ್ಟಿ ತಂದಿದ್ದರು. ಅದರಲ್ಲಿ ಮಲಗಿಸಿದರೆ ಮರಿಯ ನಾಲ್ಕೂ ಕಾಲು ಹೊರಗೆ.

"ಹಾಸಿಗೆ ಇದ್ದಷ್ಟು ಕಾಲು ಚಾಚು!" ಎಂದು ಬುಟ್ಟಿ ಗದರಿತು. ಪಾಪ, ಮರಿ ಮುದುಡಿಕೊಂಡಿತು.

ಆ ಮರಿಯನ್ನು ತನ್ನ ಮಗ್ಗುಲಲ್ಲೇ ಮಲಗಿಸಿಕೊಂಡು ಬೆಳೆಸಿದ್ದ ಮುದಿ ಬೆಕ್ಕಿಗೆ ಮೈಯೆಲ್ಲ ಉರಿದುಹೋಯಿತು. "ಮುಚ್ಚು ಬಾಯಿ! ಆ ಗಾದೆ ದುಂದುಗಾರರಿಗೆ, ಬೆಳೆಯುವ ಕೂಸಿಗಲ್ಲ. ನಾಳೆ ಇದು ಕರುವಿನಷ್ಟಾದಾಗ ಇವರು ಬೀದಿಗೆಸೆಯುವುದು ನಿನ್ನನ್ನೋ, ಇದನ್ನೋ?"

ಅಷ್ಟರಲ್ಲಿ ಗಂಡ ಕೇಳಿದ: "ಇದು ಇಷ್ಟೇ ಇರುತ್ತೆ ಅಲ್ವಾ, ಅಮ್ಮಾ?"

ಸೆಲಿನಮ್ಮ ಮರಿಯನ್ನೆತ್ತಿ ಸೊಂಟಕ್ಕೇರಿಸಿಕೊಂಡಳು. ಬುಟ್ಟಿಯನ್ನಷ್ಟೇ ಅವರ ಕೈಗೆ ಕೊಟ್ಟು ಕಳಿಸಿದಳು.