ಪಾಪಣ್ಣ ಮುಪ್ಪಿಗೆ ಕೂಡಿಟ್ಟದ್ದು

ಕೇಳಿ, ಒಬ್ಬ ತಾಯಿ ಇದ್ದಳು, ಅವಳಿಗೊಬ್ಬ ಪೆದ್ದ ಮಗ ಇದ್ದ. ಮಗ ಅಂದ ಕೂಡಲೇ ಚಡ್ಡಿ ಹಾಕಿದ ಹುಡುಗ ಅಂದುಕೊಳ್ಳಬೇಡಿ. ಅವನಿಗೆ ಆಗಲೇ ನಲವತ್ತೆಂಟು. ನೆತ್ತಿ ಬೋಳಾಗಿತ್ತು, ಮದುವೆ ಆಗಿರಲಿಲ್ಲ. ಯಾಕೆ ಆಗಿರಲಿಲ್ಲ ಅಂದರೆ, ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು ಅವನು. ಅಂಥವನಿಗೆ ಹೆಣ್ಣು ಕೊಡುವವರು ಯಾರು? ಹೆಸರು ಪಾಪಣ್ಣ. ತಾಯಿ ಹೊಂಬಾಳಮ್ಮ, ಮನೆಯಲ್ಲೇ ಕೂತು ಊದುಬತ್ತಿ ಹೊಸೆಯುತ್ತಿದ್ದಳು.

ಪಾಪಣ್ಣ ಅಕ್ಕಿ ಗಿರಣಿಯಲ್ಲಿ ಮೂಟೆಯ ಬಾಯಿ ಹೊಲಿಯುತ್ತಿದ್ದ, ಹೊಲಿದ ಮೂಟೆ ಹೊರುತ್ತಿದ್ದ. ಮೂಟೆ ಹೊರುವವನಿಗೆ ಪಿಂಚಣಿ ಇಲ್ಲ. ಹೊರುವಷ್ಟು ದಿನ ಕೂಲಿ, ಆಮೇಲೆ ಏನೂ ಇಲ್ಲ. ಒಂದು ಸಂಜೆ ಅವನು ಭುಜ ಹಿಡಿದುಕೊಂಡು ಬಂದ.

“ಭುಜ ನೋಯ್ತದೆ ಕಣವ್ವ.”

ಹೊಂಬಾಳಮ್ಮ ಊದುಬತ್ತಿ ಹೊಸೆಯುವುದನ್ನು ಬಿಟ್ಟು ಎದ್ದಳು. “ಅಯ್ಯೋ ನನ್ನ ಕರ್ಮವೇ! ನಾನು ಇವತ್ತೋ ನಾಳೆಯೋ ಹೋಗೋಳು. ನಿನ್ನ ಭುಜ ಬಿದ್ದೋದ್ಮೇಲೆ ಅನ್ನ ಇಕ್ಕೋರು ಯಾರ್ಲಾ? ಹೆಂಡ್ತಿಯಾ, ಮಕ್ಕಳಾ? ಮುಪ್ಪಿಗೆ ಅಂತ ಈಗ್ಲಾದ್ರೂ ಕೂಡಿಡು! ನನ್ನ ಊದುಬತ್ತಿ ಕಾಸಲ್ಲಿ ಇಬ್ರೂ ಉಣ್ಣಣ. ನಿನ್ನ ಕೂಲಿ ಮುಟ್ಟಬ್ಯಾಡ!”

“ಆಗ್ಲಿ ಕಣವ್ವ.”

ಶನಿವಾರ ಬಟವಾಡೆ. ಗಿರಣಿ ಸಾಹುಕಾರ ಕೂಲಿ ನೀಡಿದ. ಪಾಪಣ್ಣ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

“ತಗೊಳ್ಳೋ.”

“ಮುಟ್ಟಬಾರ್ದು ಸಾವ್ಕಾರ್ರೆ.”

“ಬ್ಯಾಡ್ವಾ?”

“ಮುಟ್ಟಬಾರ್ದು.”

“ಭಲೇ! ನಿನ್ನಂಥೋರು ಇನ್ನೂ ಹತ್ತು ಜನ ಸಿಕ್ಕಿದ್ರೆ ಇನ್ನೊಂದು ಗಿರಣಿ ಕಟ್ಟಿಸ್ತೀನಿ!” ಅಂದು ಸಾಹುಕಾರ ದುಡ್ಡನ್ನು ತನ್ನ ಜೇಬಿಗೇ ಇಳಿಸಿದ.

ಹೊಂಬಾಳಮ್ಮ ತಲೆ ಚಚ್ಚಿಕೊಂಡಳು. “ಥೂ ಪೆದ್ದೇ! ಕೊಟ್ಟದ್ದನ್ನ ಈಸ್ಕೊಂಡು, ಗೋಣಿಚೀಲಕ್ಕೆ ಹಾಕಿ, ಬಾಯಿ ಹೊಲ್ದು, ಅಟ್ಟದ ಮ್ಯಾಲೆ ಇಡಬೇಕಾಗಿತ್ತು!”

“ಇನ್ನೊಂದ್ಸಲ ಹಂಗೇ ಮಾಡ್ತೀನಿ ಕಣವ್ವ.”

ಆ ವಾರದಲ್ಲೇ ಆಯುಧಪೂಜೆ ಬಂತು. ಸಾಹುಕಾರ ಬೋನಸ್ಸಿನ ಬದಲು ಮೊಟ್ಟೆ ಇಡುವ ಒಂದು ಕೋಳಿ ಕೊಟ್ಟ. ಪಾಪಣ್ಣ ಈಸಿಕೊಂಡ, ಗೋಣಿಚೀಲಕ್ಕೆ ಹಾಕಿದ, ಬಾಯಿ ಹೊಲಿದ, ಅಟ್ಟದ ಮೇಲೆ ಇಟ್ಟ. ಚೀಲ ಒಂದು ದಿನ ಕೊಕ್ಕೊಕ್ಕೋ ಅಂದಿತು, ಆಮೇಲೆ ಅನ್ನಲಿಲ್ಲ. ಹೊಂಬಾಳಮ್ಮನಿಗೆ ಕಿವಿ ಮಂದ, ಹಾಗಾಗಿ ಕೇಳಿಸಲಿಲ್ಲ. ಮೂಗು ಮಾತ್ರ ಚುರುಕು.

“ಏನ್ಲಾ ಇದು ನಾತ?”

“ಮುಪ್ಪಿಗೆ ಕೂಡಿಟ್ಟಿವ್ನಿ ಕಣವ್ವ.”

“ಅಯ್ಯೋ ಪಾಪಿ! ಜೀವ ಇರೋದನ್ನ ಸಾಕೋರ ಮನೆಗೆ ವಾರಕ್ಕೆ, ಪಾಲಿಗೆ, ಬಿಡಬೇಕಾಗಿತ್ತು! ಮರಿ ಆದ್ಮೇಲೆ ಅರ್ಧ ಅವರಿಗೆ, ಅರ್ಧ ನಮಗೆ. ನಿನ್ನ ಮುಪ್ಪಿನ ಹೊತ್ತಿಗೆ ಹಿಂಡೇ ಆಗಿರೋದು!”

“ಇನ್ನೊಂದ್ಸಲ ಹಂಗೇ ಮಾಡ್ತೀನಿ ಕಣವ್ವ.”

ಮುಂದಿನ ಶನಿವಾರ ಕೂಲಿ ಬಂತು. ಪಾಪಣ್ಣ ನೆಟ್ಟಗೆ ಕುರಿ ಸಾಕುವ ಚೌಡಣ್ಣನ ಮನೆಗೆ ಹೋದ. “ಈ ನೋಟನ್ನ ವಾರಕ್ಕೆ ಬಿಡ್ತಾ ಇವ್ನಿ ಚೌಡಣ್ಣ. ಮರಿ ಹಾಕಿದ್ರೆ ಅರ್ಧ ನಿಂಗೆ.”

ಚೌಡಣ್ಣ ಮೊದಲು ಅವನ ಮುಖ ನೋಡಿದ, ಆಮೇಲೆ ನೋಟು ನೋಡಿದ. “ಬುಡು, ಚೆನ್ನಾಗಿ ಮೇಯಿಸ್ತೀನಿ” ಅಂದ. ಯುಗಾದಿಯವರೆಗೂ ಪಾಪಣ್ಣ ಶನಿವಾರ ಶನಿವಾರ ಬಿಟ್ಟ. ಯುಗಾದಿ ಆದಮೇಲೆ ಕೇಳಲು ಹೋದ.

“ರೋಗ ಬಂದ್ಬುಡ್ತು ಕಣಪ್ಪ. ದೊಡ್ಡ ನೋಟು ಮೊದ್ಲು ಸತ್ತೋದ್ವು.”

“ಮರಿ?”

“ಚಿಲ್ಲರೆ ಒಂದೂ ಉಳೀಲಿಲ್ಲ.”

ಪಾಪಣ್ಣನ ಕಣ್ಣಲ್ಲಿ ನೀರು ಬಂತು. “ನೀನು ನೊಂದ್ಕಬ್ಯಾಡ ಚೌಡಣ್ಣ. ಮಣ್ಣು ಮಾಡಕ್ಕೂ ಖರ್ಚಾಗಿರ್ತದೆ” ಅಂದು ಆ ವಾರದ ಕೂಲಿಯನ್ನೂ ಕೊಟ್ಟು ಬಂದ.

ಹೊಂಬಾಳಮ್ಮ ಚೌಡಣ್ಣನ ಬಾಗಿಲಿಗೆ ಹೋಗಿ ಕೂಗಾಡಿದಳು. “ಯಾವ ದುಡ್ಡು? ಯಾರು ನೋಡವ್ರೆ?” ಅಂದ ಅವನು. ನೋಡಿದವರು ಯಾರೂ ಇರಲಿಲ್ಲ. ಅವಳು ಮಗನ ಹತ್ತಿರ ಬಂದು ಅತ್ತಳು.

“ಕೊಡೋದಾದ್ರೆ ಹತ್ತು ಜನದ ಮುಂದೆ ಕೊಡಬೇಕು ಕಣ್ಲಾ! ನಿನ್ನ ಹೆಸರು ಕೂಗಿಸಿ ಕೊಡಬೇಕು, ಮದ್ವೆ ಮನೇಲಿ ಮುಯ್ಯಿ ಕೊಡೋ ಹಂಗೆ! ಆಗ ಯಾವನೂ ಇಲ್ಲ ಅನ್ನಕ್ಕಾಗಲ್ಲ!”

ಮುಯ್ಯಿ ನಿಮಗೆ ಗೊತ್ತೇ ಇದೆ, ಆದರೂ ಹೇಳಿಬಿಡುತ್ತೇನೆ. ಇವತ್ತು ಅವರ ಮನೆಯ ಮದುವೆಗೆ ನಾವು ದುಡ್ಡು ಕೊಟ್ಟರೆ, ನಾಳೆ ನಮ್ಮ ಮನೆಯ ಮದುವೆಗೆ ಅವರು ಅದನ್ನು ತಿರುಗಿ ಕೊಡಬೇಕು. ಹೊಂಬಾಳಮ್ಮ ‘ಹಂಗೆ’ ಅಂದದ್ದು ಹೋಲಿಕೆಗೆ ಮಾತ್ರ. ಪಾಪಣ್ಣನಿಗೆ ಹೋಲಿಕೆ ತಿಳಿಯುವುದಿಲ್ಲ.

ಅಂದಿನಿಂದ ಪಾಪಣ್ಣ ಒಂದು ಮದುವೆಯನ್ನೂ ಬಿಡಲಿಲ್ಲ. ಗುರುತಿದ್ದವರದು, ಗುರುತಿಲ್ಲದವರದು, ಪಕ್ಕದ ಊರಿನವರದು. ಕೂಲಿಯನ್ನು ಇಡಿಯಾಗಿ ತಟ್ಟೆಗೆ ಹಾಕುತ್ತಿದ್ದ. “ಪಾಪಣ್ಣನವರ ಮುಯ್ಯಿ!” ಅಂತ ಕೂಗಿದರೆ ಅವನ ಎದೆ ಉಬ್ಬುತ್ತಿತ್ತು. ಲಗ್ನಪತ್ರಿಕೆ ಮೊದಲು ಅವನ ಮನೆಗೇ ಬರತೊಡಗಿತು. ನೆಂಟರಿಗಿಂತ ಮುಂಚೆ!

“ಈ ವಾರ ಏನ್ ಮಾಡ್ದೆ?” ಅಂತ ತಾಯಿ ಕೇಳುವಳು.

“ಹತ್ತು ಜನದ ಮುಂದೆ ಕೊಟ್ಟೆ ಕಣವ್ವ. ಹೆಸರು ಕೂಗುದ್ರು.”

ದುಡ್ಡು ಕಟ್ಟುವ ಸೊಸೈಟಿಯ ಕಿಟಕಿಯಲ್ಲಿ ಹೆಸರು ಕೂಗುತ್ತಾರಲ್ಲ, ಅದೇ ಇರಬೇಕು ಅಂದುಕೊಂಡಳು ಅವಳು. ಆ ವರ್ಷಗಳಲ್ಲಿ ಹೊಂಬಾಳಮ್ಮ ನೆಮ್ಮದಿಯಾಗಿ ನಿದ್ದೆ ಮಾಡಿದಳು. ಬೇರೆ ಯಾವ ವರ್ಷಗಳಲ್ಲೂ ಮಾಡಿರಲಿಲ್ಲ.

ಕೊನೆಗೆ ಭುಜ ಬಿದ್ದೇ ಹೋಯಿತು. “ನಾಳೆಯಿಂದ ಬರಬ್ಯಾಡ” ಅಂದ ಸಾಹುಕಾರ.

“ಹೋಗ್ಲಿ ಬುಡ್ಲಾ” ಅಂದಳು ತಾಯಿ. “ಕೂಡಿಟ್ಟಿದ್ದು ಅದೆಯಲ್ಲ, ತಗಂಡು ಬಾ.”

“ಯಾರ ಮನೆಯಿಂದ ತರ್ಲವ್ವ?”

“ಯಾರ ಮನೆಯಿಂದ ಅಂದ್ರೆ?”

ಪಾಪಣ್ಣ ಹೇಳಿದ. ಬಡಗಿಯ ಮಗಳ ಮದುವೆ, ಮೇಷ್ಟ್ರ ತಮ್ಮನ ಮದುವೆ, ಸಾಹುಕಾರನ ಮಗನ ಮದುವೆ. ಹೇಳುತ್ತಾ ಹೋದ. ಹೊಂಬಾಳಮ್ಮ ಗೋಡೆ ಹಿಡಿದುಕೊಂಡು ಕೂತಳು.

“ಲೇ, ಅದು ನಮ್ಮನೇಲಿ ಕಾರ್ಯ ಆದ್ರೆ ತಾನೇ ತಿರುಗಿ ಬರೋದು! ಚಪ್ಪರ ಹಾಕಬೇಕು, ವಾಲಗ ಊದಿಸಬೇಕು, ಜನ ಸೇರಬೇಕು, ಆಗ ಒಬ್ಬೊಬ್ಬರದೂ ಹೆಸರು ಕೂಗಿ ಈಸ್ಕಬೇಕು! ನಮ್ಮನೆ ಮುಂದೆ ಯಾವತ್ತು ಜನ ಸೇರ್ತಾರ್ಲಾ, ಯಾವತ್ತು?”

ಹಾಗೇ ಮಲಗಿದವಳು ಬೆಳಿಗ್ಗೆ ಏಳಲಿಲ್ಲ.

ಅಕ್ಕಪಕ್ಕದವರು ಚಪ್ಪರ ಹಾಕಿದರು. ಜನ ಸೇರಿದರು. ಪಾಪಣ್ಣ ಓಡಿಹೋಗಿ ವಾಲಗದವನನ್ನು ಕರೆತಂದ. ಅವನ ಮಗನ ಮದುವೆಗೂ ಪಾಪಣ್ಣ ಕೊಟ್ಟಿದ್ದ. ದುಡ್ಡು ಕೊಡುವುದಕ್ಕಿಂತ ಊದುವುದೇ ಅಗ್ಗ ಅಂತ ಅವನು ಊದಿದ, ಮದುವೆಯಲ್ಲಿ ಊದುವ ಹಾಗೇ ಊದಿದ. ಪಾಪಣ್ಣ ತಾಯಿಯ ಪಕ್ಕದಲ್ಲಿ ತಟ್ಟೆ ಇಟ್ಟು, ವೀಳ್ಯದೆಲೆ ಜೋಡಿಸಿ, ಎದ್ದು ನಿಂತ.

“ಬಡಗಿ ರಂಗಸಾಮಣ್ಣ! ನಿನ್ನ ಮಗಳ ಮದ್ವೆ ಮುಯ್ಯಿ ತಿರುಗಿ ಕೊಡಣ್ಣ! ಮೇಷ್ಟ್ರೇ, ನಿಮ್ಮದು! ಸಾವ್ಕಾರ್ರೇ, ನಿಮ್ಮದು!”

“ಥೂ! ಹೆಣ ಮುಂದಿಟ್ಕೊಂಡು ಮುಯ್ಯಿ ಕೇಳ್ತೀಯಾ?” ಅಂದ ಬಡಗಿ. ಹೆಚ್ಚು ಕೊಡಬೇಕಾದವನಿಗೇ ಹೆಚ್ಚು ಸಿಟ್ಟು ಬಂದಿತ್ತು. “ಮುಯ್ಯಿ ಶುಭಕಾರ್ಯಕ್ಕೆ ಕಣೋ. ನಿನ್ನ ಮದ್ವೆ ಮಾಡ್ಕೋ, ಆವತ್ತು ಕೊಡ್ತೀವಿ.”

“ಹೌದೌದು, ಆವತ್ತು ಕೊಡ್ತೀವಿ” ಅಂದರು ಎಲ್ಲರೂ. ಒಬ್ಬೊಬ್ಬರೇ ಹೆಗಲ ಮೇಲಿನ ಟವೆಲ್ ಕೊಡವಿಕೊಂಡು ಹೊರಟರು. ಹೆಣ ಎತ್ತಲು ಬಂದವರೂ ಹೊರಟರು. ವಾಲಗದವನು ಎಲ್ಲರಿಗಿಂತ ಕೊನೆಗೆ ಹೋದ.

ಪಾಪಣ್ಣ ತಾಯಿಯ ಕಡೆ ತಿರುಗಿ ತಲೆ ತಗ್ಗಿಸಿ ಬೈಗುಳಕ್ಕೆ ಕಾದ. ತಪ್ಪು ಮಾಡಿದಾಗಲೆಲ್ಲ ಅವಳು ಬೈದೇ ಬೈಯುತ್ತಿದ್ದಳು. ಕಾದ, ಕಾದ. ಅವಳು ಬೈಯಲಿಲ್ಲ.

ಅವನ ಮುಖ ಅರಳಿತು. “ಹಂಗಾರೆ ಈ ಸಲ ಸರಿಯಾಗೇ ಮಾಡಿವ್ನಿ ಅಲ್ವೇನವ್ವ!” ಅಂದು, ಖಾಲಿ ಚಪ್ಪರದ ಕಡೆ ತಿರುಗಿ, ಇನ್ನೂ ಗಟ್ಟಿಯಾಗಿ ಮುಂದಿನ ಹೆಸರು ಕೂಗಿದ.