ತಟ್ಟಿ ಕೊಟ್ಟ ಮಡಕೆ

“ನನ್ನ ತಪ್ಪನ್ನು ನನಗೆ ಹೇಳದೆ ತಿದ್ದಿದವನು ನನಗೆ ಉಪಕಾರ ಮಾಡಿದನೋ, ಅವಮಾನ ಮಾಡಿದನೋ?” ಎಂದು ಶಿಷ್ಯ ಮಡಿವಾಳಯ್ಯ ಗುರುಗಳನ್ನು ಕೇಳಿದ.

ಮಡಿವಾಳಯ್ಯ ಮಠದ ಓಲೆಗ್ರಂಥಗಳನ್ನು ಪ್ರತಿ ಮಾಡುವವನು. ಅವನಿಗಿಂತ ಕಿರಿಯ ಶಿಷ್ಯ ಅಡಿವೆಪ್ಪ, ತಪ್ಪು ಬಿದ್ದ ಓಲೆಗಳನ್ನು ಸದ್ದಿಲ್ಲದೆ ತೆಗೆದು, ಹೊಸದಾಗಿ ಬರೆದು ಕಟ್ಟಿನೊಳಗೆ ಸೇರಿಸುತ್ತಿದ್ದ. ಆ ದಿನ ಅದು ಮಡಿವಾಳಯ್ಯನಿಗೆ ತಿಳಿದುಹೋಗಿತ್ತು. ಅಡಿವೆಪ್ಪನನ್ನು ಬರೆಯುವ ಕೋಣೆಯಿಂದ ಹೊರಗೆ ಹಾಕಿಸಬೇಕೆಂದೇ ಅವನು ಬಂದಿದ್ದ.

“ಸಿಟ್ಟು ಬೇಕಾದರೆ ನಿಂತಿರಲಿ, ನೀನು ಕೂತುಕೋ” ಎಂದು ಗುರುಗಳು ಕತೆ ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ಕುಂಬಾರಗಿತ್ತಿ ಇದ್ದಳು. ಗಂಡ ತೀರಿಕೊಂಡಿದ್ದ. ಮಗ ಮನೆಯ ಜಗಲಿಯಲ್ಲೇ ತಿಗರಿ ತಿರುಗಿಸುತ್ತಿದ್ದ, ಸೊಸೆ ಮಣ್ಣು ತುಳಿದು ಹದ ಮಾಡುತ್ತಿದ್ದಳು. ಹಿತ್ತಲಲ್ಲಿ ಆವಿಗೆ ಒಟ್ಟಿ ಮಡಕೆ ಸುಡುವುದು, ಸುಟ್ಟದ್ದನ್ನು ಪರೀಕ್ಷೆ ಮಾಡುವುದು ಮುದುಕಿಯ ಕೆಲಸ. ಪರೀಕ್ಷೆ ಎಂದರೆ ಮಹಾ ಏನಲ್ಲ. ಮಡಕೆಯನ್ನು ಅಂಗೈ ಮೇಲೆ ಕೂರಿಸಿ ಬೆರಳ ಗೆಣ್ಣಿನಿಂದ ತಟ್ಟುವುದು. ಗಟ್ಟಿ ಮಡಕೆ ಠಣ್ಣೆನ್ನುತ್ತದೆ. ಕೂದಲೆಳೆಯಷ್ಟು ಬಿರುಕಿದ್ದರೂ ಡಬ್ಬೆನ್ನುತ್ತದೆ. ಕಣ್ಣಿಗೆ ಕಾಣದ ಬಿರುಕು ಅವಳ ಕಿವಿಗೆ ಸಿಗುತ್ತಿತ್ತು. ಅವಳು ತಟ್ಟಿ ಕೊಟ್ಟ ಮಡಕೆಯನ್ನು ಸುತ್ತಲ ಹಳ್ಳಿಯವರು ಮತ್ತೆ ತಟ್ಟಿ ನೋಡುತ್ತಿರಲಿಲ್ಲ. ಮುದುಕಿಗಿದ್ದ ಆಸ್ತಿ ಆ ಹೆಸರೊಂದೇ. ಸ್ವಲ್ಪ ಜಂಬವೂ ಇತ್ತೆನ್ನು. ಇರಲಿ ಬಿಡು, ನಲವತ್ತು ವರ್ಷ ದುಡಿದವಳಿಗೆ ಅಷ್ಟೂ ಬೇಡವೇ?

ಒಂದು ವರ್ಷ ಅವಳ ಮಡಕೆಗಳು ಕಡಿಮೆ ಬೀಳತೊಡಗಿದವು. ಸಂಜೆ ತಟ್ಟಿ ಸಾಲಾಗಿ ಇಟ್ಟದ್ದು ನಲವತ್ತು, ಬೆಳಗ್ಗೆ ನೋಡಿದರೆ ಮೂವತ್ತಾರು. ಮೊದಲ ಸಲ ತನಗೇ ಮರೆವು ಎಂದುಕೊಂಡಳು. ಎರಡನೆಯ ಸಲ ನಾಯಿ ಉರುಳಿಸಿರಬೇಕು ಎಂದುಕೊಂಡಳು. ಮೂರನೆಯ ಸಲ ಸೊಸೆಯ ಕಡೆ ನೋಡಿದಳು. ಸೊಸೆಯ ತವರು ಹೊಳೆಯಾಚೆಯ ಊರು, ಹೆಜ್ಜೆ ಹಾಕಿದರೆ ಅರ್ಧ ಗಳಿಗೆಯ ದಾರಿ. ಸಂಶಯಕ್ಕೆ ಅಷ್ಟು ಸಾಕಾಯಿತು.

ಅದೇ ದಿನ ಅಂಗಳದಲ್ಲಿ ಕೊಳ್ಳುವವರು ನೆರೆದಿದ್ದರು. ಮುದುಕಿ ಅವರ ಎದುರಿಗೇ ಸೊಸೆಯನ್ನು ಕರೆದು, “ಉಂಡ ಮನೆಯ ಜಂತೆ ಎಣಿಸುವವಳು ನೀನು. ನನ್ನ ಮಡಕೆ ಕದ್ದು ತವರು ತುಂಬಿಸುತ್ತಿದ್ದೀಯ. ನಾಳೆ ಬೆಳಗಾದರೆ ನೀನೂ ಅಲ್ಲಿಗೇ ನಡೆ” ಎಂದಳು. ಮಗ ಏನೋ ಹೇಳಲು ಹೋದ. ಹೆಂಡತಿ ಬೇಡವೆಂದು ತಲೆಯಾಡಿಸಿದಳು. ಒಳಗೆ ಹೋಗಿ ಸೀರೆಗಳನ್ನು ಗಂಟು ಕಟ್ಟತೊಡಗಿದಳು. ಅಷ್ಟು ಜನರ ಮುಂದೆ ಕಳ್ಳಿ ಅನ್ನಿಸಿಕೊಂಡವಳ ಕಣ್ಣಲ್ಲಿ ನೀರು ನಿಲ್ಲಲಿಲ್ಲ.

ಜನ ಹೋದ ಮೇಲೆ ಮುದುಕಿ ಮುಂದಿನ ಆವಿಗೆಯನ್ನು ಮುಚ್ಚಲು ಬೋಕಿ ಆರಿಸಲೆಂದು ಹಿತ್ತಲ ಗುಂಡಿಗೆ ಹೋದಳು. ಒಡೆದ ಮಡಕೆಯ ಚೂರುಗಳನ್ನೆಲ್ಲ ಮನೆಯವರು ಅಲ್ಲಿಯೇ ಸುರಿಯುತ್ತಿದ್ದರು. ಮೇಲಿನ ಹಳೆಯ ಬೋಕಿಗಳನ್ನು ಸರಿಸಿದರೆ ಅಡಿಯಲ್ಲಿ ಹೊಸವು, ಆವಿಗೆಯ ಮಸಿ ಇನ್ನೂ ಮಾಸಿರಲಿಲ್ಲ. ನಡುವೆ ಒಡೆಯದ ಮಡಕೆಯೂ ಒಂದಿತ್ತು. ನಿನ್ನೆ ಸಂಜೆ ತಾನೇ ತಟ್ಟಿ ಸಾಲಿನಲ್ಲಿ ಇಟ್ಟಿದ್ದ ಮಡಕೆ.

ಸಾಗಿಸಲು ಇಲ್ಲಿ ಬಚ್ಚಿಟ್ಟಿದ್ದಾಳೆ ಎಂದು ಅದನ್ನೆತ್ತಿ ತಟ್ಟಿದಳು. ಠಣ್ಣೆಂದಿತು. ಮಣ್ಣು ತೊಳೆಯೋಣವೆಂದು ನೀರು ತುಂಬಿದಳು. ತಳದಿಂದ ನೀರು ಎಳೆಯಾಗಿ ಇಳಿದು ಅವಳ ಪಾದ ಒದ್ದೆಯಾಯಿತು. ನೀರು ಚೆಲ್ಲಿ ಇನ್ನೊಮ್ಮೆ ತಟ್ಟಿದಳು. ಠಣ್ಣೆಂದೇ ಕೇಳಿತು. ಅದು ಕಿವಿ ಕೇಳಿದ್ದಲ್ಲ, ನಲವತ್ತು ವರ್ಷದ ರೂಢಿ ಕೇಳಿಸಿದ್ದು. ಮುದುಕಿಗೆ ಮೊದಲು ಭಯವಾಯಿತು, ಇಷ್ಟು ದಿನದಲ್ಲಿ ಎಷ್ಟು ಮನೆಗೆ ಸೋರುವ ಮಡಕೆ ಹೋಗಿರಬೇಕು ಎಂದು. ಒಂದು ಮನೆಯಿಂದಲೂ ದೂರು ಬಂದಿರಲಿಲ್ಲವೆಂದು ನೆನಪಾದಾಗ ನಾಚಿಕೆಯಾಯಿತು. ಅವಳು ತಟ್ಟಿ ಒಳಗೆ ಹೋದ ಮೇಲೆ ಇನ್ನೊಂದು ಕೈ ಪ್ರತಿ ಮಡಕೆಯನ್ನೂ ತಟ್ಟುತ್ತಿತ್ತು, ಕೆಟ್ಟದ್ದನ್ನು ತಂದು ಇಲ್ಲಿ ಹೂಳುತ್ತಿತ್ತು.

ಮನೆಯೊಳಗೆ ಬಂದು, ಗಂಟಿನ ಮುಂದೆ ಕೂತಿದ್ದ ಸೊಸೆಯನ್ನು ಕೇಳಿದಳು: “ನಿನ್ನನ್ನು ಕಳ್ಳಿ ಎಂದೆನಲ್ಲ ತಾಯಿ, ಆಗಲಾದರೂ ಬಾಯಿ ಬಿಡಬಾರದಿತ್ತೇ?”

“ಅಂಗಳದಲ್ಲಿ ಕೊಳ್ಳುವವರು ನಿಂತಿದ್ದರು, ಅತ್ತೆ” ಎಂದಳು ಸೊಸೆ.

ಮುದುಕಿ ತನ್ನ ಕೈಯಿಂದಲೇ ಗಂಟು ಬಿಚ್ಚಿದಳು. ಮುಂದಿನ ಆವಿಗೆ ತೆಗೆದ ದಿನ ಅದೇ ಜನ ಬಂದರು. ಅವರ ಎದುರಿಗೆ, “ನನ್ನ ಕಿವಿ ಹೋಗಿದೆ. ಇಷ್ಟು ದಿನ ನಿಮಗೆ ಗಟ್ಟಿ ಮಡಕೆ ಕೊಟ್ಟವಳು ಇವಳು. ಕಳ್ಳಿ ಎಂದ ಬಾಯಿಂದಲೇ ಹೇಳುತ್ತಿದ್ದೇನೆ” ಎಂದು ಸೊಸೆಯನ್ನು ತನ್ನ ಮಣೆಯ ಮೇಲೆ ಕೂರಿಸಿದಳು. ಆ ದಿನ ಕೆಲವರು ಮಡಕೆಯನ್ನು ತಾವೇ ತಟ್ಟಿ ನೋಡಿ ಕೊಂಡರು. ಮುದುಕಿಗೆ ನೋವಾಗಲಿಲ್ಲ ಎಂದರೆ ಸುಳ್ಳಾದೀತು. ಆದರೂ ಎದ್ದು ಹೋಗಲಿಲ್ಲ. ಒಂದೊಂದೇ ಮಡಕೆಯನ್ನೆತ್ತಿ ಸೊಸೆಯ ಕೈಗೆ ಕೊಡುತ್ತ ಕೂತಳು.

ಗುರುಗಳು ಕತೆ ನಿಲ್ಲಿಸಿದರು. ಮಡಿವಾಳಯ್ಯನ ಮುಖದ ಬಿಗಿ ಇನ್ನೂ ಸಡಿಲಗೊಂಡಿರಲಿಲ್ಲ.

“ಆ ಮುದುಕಿಗೆ ವಯಸ್ಸಾಗಿತ್ತು, ಗುರುಗಳೇ. ನಾನಿನ್ನೂ ಗಟ್ಟಿಯಾಗಿದ್ದೇನೆ. ಆ ಕತೆ ನನಗೆ ಹೇಗೆ ಹೊಂದುತ್ತದೆ?” ಎಂದ.

“ಅದು ನಿನ್ನ ಕತೆಯೆಂದು ಯಾರು ಹೇಳಿದರು? ನನ್ನ ಕಣ್ಣು ಮಂಜಾಗಿ ಎರಡು ವರ್ಷವಾಯಿತು, ನಾನು ಬರೆದ ಓಲೆಗಳನ್ನೂ ಅಡಿವೆಪ್ಪನೇ ಬದಲಿಸಿ ಇಡುತ್ತಿದ್ದಾನೆ.”